ಹೆಸರೆತ್ತಿದ ಬಂಡೆ

ಹುಲ್ಲುಮುಡಿ ಘಟ್ಟದ ಕಾಲುದಾರಿಯಲ್ಲಿ ಮುಕ್ಕಾಲು ಭಾಗ ಏರಿದವರಿಗೆ ಆಳೆತ್ತರದ ಕರಿಯ ಬಂಡೆಯೊಂದು ಎದುರಾಗುತ್ತದೆ. ದಾರಿ ಅದನ್ನು ಬಳಸಿ ಥಟ್ಟನೆ ಎಡಕ್ಕೆ ಹೊರಳುತ್ತದೆ. ಅಲ್ಲಿ ಹಾಸಿದ ಕಲ್ಲುಗಳು ಕಿರಿದು, ಪಾಚಿಗಟ್ಟಿದವು. ಬಂಡೆಯ ಪಕ್ಕದಿಂದ ನೇರ ಮುಂದಕ್ಕೆ ಇನ್ನೊಂದು ಜಾಡು ಇದೆ. ಅದು ಅಗಲ, ಮೆತ್ತಗೆ, ದಣಿದ ಕಾಲಿಗೆ ಬಲು ಹಿತ. ಕಾಟಿಗಳು, ಅಂದರೆ ಕಾಡುಕೋಣಗಳು, ಮೇಯುತ್ತ ಮಾಡಿದ ಜಾಡು ಅದು. ಇಪ್ಪತ್ತು ಹೆಜ್ಜೆಯಾಚೆ ಹುಲ್ಲು ಮುಂದುವರಿಯುತ್ತದೆ, ನೆಲ ಮುಂದುವರಿಯುವುದಿಲ್ಲ. ಎಲ್ಲಿ ಹೊರಳಬೇಕೆಂದು ಕಾಟಿಗೆ ಗೊತ್ತು, ಮನುಷ್ಯನಿಗೆ ಗೊತ್ತಿಲ್ಲ. ಅರಣ್ಯ ಇಲಾಖೆಯವರು ಅಲ್ಲಿ ಫಲಕ ನೆಟ್ಟಿದ್ದಾರೆ. ಓದುವವರಿಗಿಂತ ಅದಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು. ಬಂಡೆಯ ಬಿರುಕಿನಲ್ಲಿ ಹಸಿರು ಗಾಜಿನ ಬಳೆಗಳು ತುಂಬಿವೆ. ಊರವರು ಇದನ್ನು ಹೆಸರೆತ್ತಿದ ಬಂಡೆ ಎನ್ನುತ್ತಾರೆ.

ಘಟ್ಟಕ್ಕೆ ಗಾಡಿದಾರಿ ಇಲ್ಲದ ಕಾಲವೊಂದಿತ್ತು. ಕರಾವಳಿಯ ಉಪ್ಪು ಆಗ ತಲೆಹೊರೆಯಲ್ಲೇ ಮೇಲೇರಬೇಕಾಗಿತ್ತು. ಉಪ್ಪು ಹೊರುವವರಲ್ಲಿ ಮಂಜಿನ ದಿನಕ್ಕೊಂದು ಕಟ್ಟಳೆ ಇತ್ತಂತೆ. ಹಿಂದಿರುವವರು ಹತ್ತು ಹೆಜ್ಜೆಗೊಮ್ಮೆ ಮುಂದಿನವರ ಹೆಸರು ಕೂಗಬೇಕು, ಮುಂದಿನವರು ‘ಇದ್ದೇನೆ’ ಎನ್ನಬೇಕು. ಆ ದನಿ ಕಲ್ಲುಹಾಸಿನ ದಿಕ್ಕಿನಿಂದಲೇ ಬರಬೇಕು. ಬೇರೆ ಕಡೆಯಿಂದ ಬಂದರೆ ಹೆಸರನ್ನು ಒಂದರ ಬೆನ್ನಿಗೊಂದರಂತೆ ಎರಡು ಸಲ ಕೂಗಬೇಕು. ಹಾಗೆ ಕೇಳಿಸಿಕೊಂಡವನು ಹೊರೆ ಇಳಿಸದೆ, ಕಾರಣ ಕೇಳದೆ, ನಿಂತಲ್ಲೇ ಕುಳಿತುಬಿಡಬೇಕು. ಮಂಕಾಳಜ್ಜ ಮೂವತ್ತು ವರ್ಷ ಈ ಕಟ್ಟಳೆಯಿಂದ ಜನರನ್ನು ಹತ್ತಿಸಿ ಇಳಿಸಿದ್ದ. ಗೂರಲು ಹತ್ತಿ ಅವನ ದನಿ ಕುಗ್ಗಿದ ಮೇಲೆ ಮುಂದೆ ನಡೆಯುವ ಜವಾಬ್ದಾರಿ ಅವನ ತಂಗಿಯ ಮೊಮ್ಮಗ ಬೀರನಿಗೆ ಬಂತು. ಬೀರನ ಹಿಂದೆ ಅವನ ಹೊಸ ಹೆಂಡತಿ ಹೊನ್ನಿ, ಅವಳ ಹಿಂದೆ ಅಜ್ಜ. ಹೊನ್ನಿಗೆ ಅದು ಮೊದಲ ಘಟ್ಟ.

ಗಂಡನ ಹೆಸರು ಬಾಯಲ್ಲಿ ಬರಕೂಡದೆಂದು ಅವಳ ಅತ್ತೆ ಆಣೆ ಹಾಕಿಸಿದ್ದಳು. ಆಣೆ ಇಲ್ಲದಿದ್ದರೂ ಹೊನ್ನಿ ಕೂಗುತ್ತಿರಲಿಲ್ಲ. ತವರಿನಲ್ಲಿ ಅವಳ ಚಿಕ್ಕಮ್ಮ ಜಗಳದ ಭರದಲ್ಲಿ ಒಮ್ಮೆ ಗಂಡನ ಹೆಸರೆತ್ತಿದ್ದಳು. ಹದಿನೈದು ದಿನದೊಳಗೆ ಅವನಿಗೆ ಹಾವು ಕಚ್ಚಿತ್ತು. ಆ ಹೆಣವನ್ನು ಹೊನ್ನಿ ಕಣ್ಣಾರೆ ಕಂಡಿದ್ದಳು.

ಮಂಜು ಇಳಿಯತೊಡಗಿದಾಗ ಅಜ್ಜ ಗದರಿದ. “ಎಂತದೇ ಹೊನ್ನಿ, ಬಾಯಲ್ಲಿ ಕಡುಬು ಇಟ್ಕಂಡಿಯೇನೆ? ಹೆಸರು ಕರಿ.”

“ಬಿಡಜ್ಜ, ಬಳೆ ಸದ್ದು ಮಾಡ್ಲಿ,” ಎಂದು ಬೀರ ಮುಂದಿನಿಂದ ನಕ್ಕ. “ಅವಳ ಬಳೆ ನಂಗೆ ಊರಾಚೆಯಿಂದ್ಲೂ ಗೊತ್ತಾಗ್ತದೆ.”

“ಊರಲ್ಲಿ ಗೊತ್ತಾಗ್ತದೆ ಮಗಾ. ಇದು ಘಟ್ಟ.”

ಆದರೂ ಹಾಗೆಯೇ ನಡೆಯಿತು. ಹೊನ್ನಿ ಒಂದು ಕೈಯಲ್ಲಿ ಹೊರೆ ಹಿಡಿದು ಇನ್ನೊಂದು ಕೈಯ ಬಳೆ ಅಲುಗಿಸುವಳು, ಬೀರ ‘ಇದ್ದೇನೆ’ ಎನ್ನುವನು. ಮಂಜು ದಟ್ಟವಾಗಿ ಅವನ ಬೆನ್ನು ಕಾಣದಾಯಿತು, ಆಮೇಲೆ ತನ್ನ ಕಾಲೇ ಕಾಣದಾಯಿತು. ಬಂಡೆಗೆ ಅವಳ ಭುಜ ತಾಗಿತು. ಅಂಗಾಲು ತಡವಿದಾಗ ಕಲ್ಲುಹಾಸು ಎಡಕ್ಕೆ ಹೊರಳಿತ್ತು. ಅವಳು ಬಳೆ ಅಲುಗಿಸಿದಳು. ‘ಇದ್ದೇನೆ’ ಎಂಬುದು ಎಡದಿಂದ ಬರಲಿಲ್ಲ. ನೇರ ಎದುರಿನಿಂದ ಬಂತು.

ಹೊನ್ನಿ ಬಳೆಗಳನ್ನು ಒಂದೇ ಸಮನೆ ಬಡಿದಳು. “ಕೇಳ್ತು ಮಾರಾಯ್ತಿ, ಒಡೆದೀತು!” ಎಂದ ಬೀರ, ಇನ್ನೂ ಎರಡು ಹೆಜ್ಜೆ ಮುಂದೆ ಹೋಗಿ. “ನಿಲ್ಲಿ!” ಎಂದು ಚೀರಿದಳು. ಹೊರೆ ಜಾರಿದವರೆಲ್ಲ ಆ ದಾರಿಯಲ್ಲಿ ಹಾಗೆಯೇ ಚೀರುತ್ತಿದ್ದರು, ಬೀರ ಇದನ್ನೂ ಹಾಗೆಂದೇ ಎಣಿಸಿದ. “ನೀವು ನಿಲ್ಲಿ, ದಾರಿ ಹಸನಾಗಿ ಅದೆ, ನಾ ಮುಂದೆ ನೋಡ್ತೆ,” ಎಂದಿತು ಮಂಜಿನೊಳಗಿನ ದನಿ. ಏದುಸಿರು ಬಿಡುತ್ತ ಬಂದ ಅಜ್ಜ ಕೂಗಲು ಬಾಯಿ ತೆರೆದ. ಕೆಮ್ಮು ಬಂತು, ಹೆಸರು ಬರಲಿಲ್ಲ. ಅವನು ಹೊನ್ನಿಯ ರಟ್ಟೆ ಹಿಡಿದು ಅಲುಗಿಸಿದ. “ನೀನೇ... ನೀನೇ ಕರಿಯೇ!”

ಕರೆದರೆ ಅವನ ಆಯುಷ್ಯ ತಾನೇ ಕಡಿದಂತೆ, ಕರೆಯದಿದ್ದರೆ ಇನ್ನು ನಾಲ್ಕು ಹೆಜ್ಜೆ. ಹೊನ್ನಿ ತಲೆಯ ಹೊರೆ ಕೆಳಗೆ ಬಿಟ್ಟಳು. ಬುಟ್ಟಿ ಒಡೆದು ಉಪ್ಪು ಚೆಲ್ಲಿತು. ಎರಡು ಕೈಗಳನ್ನೂ ಬಾಯಿಗೆ ಹಿಡಿದು ಅವಳು ಕೂಗಿದಳು.

“ಬೀರಾ! ಬೀರಾ!”

ಬೀರ ನಿಂತಲ್ಲೇ ಕುಳಿತ. ಹೆಂಡತಿಯ ಬಾಯಿಂದ ಬಂದ ಹೆಸರೆಂದು ಅರಿವಾಗುವ ಮೊದಲೇ ಮೈ ಕುಳಿತಿತ್ತಂತೆ. ಚಾಚಿದ ಕಾಲಿಗೆ ತಾಗಿದ ಕಲ್ಲೊಂದು ಉರುಳಿ ಹೋಯಿತು. ಅದು ಬಿದ್ದ ಸದ್ದು ಯಾರಿಗೂ ಕೇಳಲಿಲ್ಲ. ಅಜ್ಜ ಹೊರೆಯ ಹಗ್ಗಗಳನ್ನು ಬಿಚ್ಚಿ ಗಂಟು ಹಾಕಿ ಎಸೆದ. ಬೀರ ಅದನ್ನು ಹಿಡಿದು ಹಿಂದುಹಿಂದಕ್ಕೆ ತೆವಳುತ್ತ ಬಂಡೆಗೆ ಬಂದ. ಅವನು ನಗಲು ನೋಡಿದ, ತುಟಿ ಒಪ್ಪಲಿಲ್ಲ. ಹೊನ್ನಿ ಬಳೆಗಳನ್ನೆಲ್ಲ ಕಳಚಿ ಬಿರುಕಿಗೆ ತುರುಕಿ, “ಇವರಿಗೆ ಇನ್ನು ಎಷ್ಟು ದಿನ ಅಜ್ಜ?” ಎಂದು ಕೇಳಿದಳು. ಅಜ್ಜ ಬಗ್ಗಿ ಚೆಲ್ಲಿದ ಉಪ್ಪನ್ನು ಬೊಗಸೆಯಿಂದ ಬಳಿಯತೊಡಗಿದ.

ಮೊದಲ ಹದಿನೈದು ದಿನ ಅವಳು ಬೀರನನ್ನು ಅಂಗಳ ಇಳಿಯಗೊಡಲಿಲ್ಲ. ಆಮೇಲೂ ಅವನಿಗೆ ಸಣ್ಣ ಜ್ವರ ಬಂದರೆ ಸಾಕು, ಉಣ್ಣುವುದನ್ನು ಬಿಡುತ್ತಿದ್ದಳು. ಮಕ್ಕಳಾದರು, ಮೊಮ್ಮಕ್ಕಳಾದರು, ಆ ಹೆದರಿಕೆ ಅವಳನ್ನು ಬಿಡಲೇ ಇಲ್ಲ. ಕೊನೆಗೆ ಮೊದಲು ಹೋದವಳು ಹೊನ್ನಿ. ಬೀರ ಅವಳ ನಂತರ ಒಂಬತ್ತು ವರ್ಷ ಬದುಕಿದ. ವರ್ಷಕ್ಕೊಮ್ಮೆ ಕೋಲೂರಿಕೊಂಡು ಬಂಡೆಯ ತನಕ ಏರಿ, ಯಾರೂ ಕರೆಯದಿದ್ದರೂ ಗಟ್ಟಿಯಾಗಿ “ಇದ್ದೇನೆ” ಎಂದು ಹೇಳಿ ಇಳಿಯುತ್ತಿದ್ದನಂತೆ.

ಈಗಲೂ ಘಟ್ಟದ ಹೆಂಗಸರು ಅಲ್ಲಿ ಒಂದು ಬಳೆ ಕಳಚಿ ಬಿರುಕಿಗೆ ಹಾಕುತ್ತಾರೆ. ಮನೆಯಲ್ಲಿ ಎಂದೂ ಎತ್ತದ ಹೆಸರನ್ನು ಬಂಡೆಗೆ ಬೆನ್ನು ಕೊಟ್ಟು ಎರಡು ಸಲ ಕೂಗುತ್ತಾರೆ. ಮಂಜಿರಲಿ, ಬಿಸಿಲಿರಲಿ, ಮುಂದೆ ಹೋದ ಗಂಡನ ಉತ್ತರ ಎಡಗಡೆಯಿಂದ ಬರುವ ತನಕ ಯಾರೂ ಕಾಲೆತ್ತುವುದಿಲ್ಲ. ಮಳೆ ಕಳೆದ ಮೇಲೆ ಹೋದವರಿಗೆ ಕಾಟಿಗಳ ಜಾಡು ಎಂದಿನಂತೆ ಹಸಿರಾಗಿ, ಅಗಲವಾಗಿ, ನೇರ ಮುಂದಕ್ಕೆ ಕಾಣುತ್ತದೆ. ಕೆಲವು ಸಲ ಅದರ ಮೇಲೆ ಬೂಟಿನ ಗುರುತುಗಳೂ ಕಾಣುತ್ತವೆ.