ಲ್ಯಾಪ್‌ಟಾಪಿನ ಏಕಾದಶಿ

ಹಾಡುವ ಕೊರಳಲ್ಲೂ ಕೇಳುವ ಕಿವಿಯಲ್ಲೂ ತಾನೇ ಆಗಿ ನೆಲೆಸಿರುವ ಶ್ರೀಹರಿಗೆ ಮೊದಲ ನಮಸ್ಕಾರ.

ನದಿಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಕೇಶವಾನಂದರೆಂಬ ಗುರುಗಳು, ಅವರ ಶಿಷ್ಯ ಮುಕುಂದ.

ಆಚೆ ದಡದ ಗಂಗಮ್ಮಜ್ಜಿಯ ದೇವರ ಹಾಡುಗಳನ್ನೆಲ್ಲ ಮುಕುಂದ ಆಶ್ರಮದ ಹಳೆಯ ಲ್ಯಾಪ್‌ಟಾಪಿನಲ್ಲಿ ತುಂಬಿಟ್ಟಿದ್ದ. ಬೇರೆಲ್ಲೂ ಅವು ಇರಲಿಲ್ಲ. ಅಜ್ಜಿಯ ದನಿಯೂ ಈಗ ಒಡೆದುಹೋಗಿತ್ತು. "ದ್ವಾದಶಿಗೆ ಬರ್ತೀನಿ, ನನ್ನ ಹಾಡು ನನಗೇ ಕೇಳಿಸಪ್ಪ" ಎಂದು ಹೇಳಿಕಳಿಸಿದ್ದಳು.

ಏಕಾದಶಿಯ ಬೆಳಿಗ್ಗೆ ಸಿಡಿಲು ಬಡಿಯಿತು. ಚಾರ್ಜಿಗೆ ಹಾಕಿದ್ದ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು.

ಮುಕುಂದ ಗುಂಡಿ ಒತ್ತಿದ. ಹರಿ ಹರಿ ಎನ್ನುತ್ತ, ಜಪಮಣಿ ಎಣಿಸುವವನ ಹಾಗೆ ಒತ್ತಿದ್ದೇ ಒತ್ತಿದ್ದು. ಕೊನೆಗೆ ಪ್ರೋಕ್ಷಣೆ ಮಾಡಲು ತೀರ್ಥದ ಉದ್ಧರಣೆ ಎತ್ತಿದ.

ಗುರುಗಳು ಅವನ ಕೈ ಹಿಡಿದರು. "ಭಕ್ತಿ ಇರಲಿ, ನೀರು ಬೇಡ."

"ಸತ್ತೇಹೋಯ್ತಾ ಗುರುಗಳೇ?"

ಗುರುಗಳು ಚಾರ್ಜರನ್ನು ಮೂಸಿದರು. ಲ್ಯಾಪ್‌ಟಾಪನ್ನೂ ಮೂಸಿದರು. "ಸುಟ್ಟ ವಾಸನೆ ಚಾರ್ಜರಿನದು. ಇದು ಬೆದರಿದೆ, ಅಷ್ಟೆ. ಇವತ್ತು ಏಕಾದಶಿ, ಇದಕ್ಕೂ ಉಪವಾಸ ಆಗಲಿ. ವೈರು ಕಿತ್ತುಹಾಕು. ಬ್ಯಾಟರಿ ಹೊರಗೆ ತೆಗೆ. ಆಮೇಲೆ ಗುಂಡಿ ಒತ್ತಿ ಹಿಡಿ."

"ಎಲ್ಲಾ ತೆಗೆದ ಮೇಲೆ ಒತ್ತಿ ಏನು ಬರುತ್ತೆ?"

"ಬರೋಕಲ್ಲ, ಹೋಗೋಕೆ. ಸಿಡಿಲು ಹೋದರೂ ಒಳಗೆ ಒಂದಿಷ್ಟು ಉಳಿದಿರುತ್ತೆ. ಅದು ಇಳೀಲಿ."

ಮುಕುಂದ ಒತ್ತಿ ಹಿಡಿದ. ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ.

ದ್ವಾದಶಿ ಬೆಳಗಾಯಿತು. "ಇನ್ನು ಇದಕ್ಕೆ ಪಾರಣೆ," ಎಂದರು ಗುರುಗಳು. "ಇಂಥದೇ ಚಾರ್ಜರು ಅಡುಗೆಯ ಗೋಪಾಲಭಟ್ಟರ ಹತ್ತಿರ ಇದೆ. ಕೇಳಿ ತಾ."

ಮುಕುಂದನ ಮುಖ ಸಣ್ಣದಾಯಿತು. "ನಾನು ಅವರ ಜೊತೆ ಮಾತು ಬಿಟ್ಟಿದ್ದೀನಿ."

"ಯಾವಾಗಿನಿಂದ?"

"ಹೋದ ಏಕಾದಶಿಯಿಂದ. ಎಲ್ಲರೆದುರು ಅವಲಕ್ಕಿ ಕಳ್ಳ ಅಂದುಬಿಟ್ಟರು."

"ಕದ್ದಿದ್ದೆಯೇನು?"

"ಒಂದು ಹಿಡಿ."

ಗುರುಗಳು ನದಿಯ ಕಡೆ ನೋಡಿದರು. ಅಜ್ಜಿಯ ದೋಣಿ ಆಚೆ ದಡ ಬಿಟ್ಟಿತ್ತು.

ಮುಕುಂದ ಎದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮಿದ.

"ಯಾರು, ಮುಕುಂದಸ್ವಾಮಿಗಳೋ?" ಭಟ್ಟರು ತಿರುಗದೆಯೇ ಕೇಳಿದರು. "ಡಬ್ಬಕ್ಕೆ ಬೀಗ ಹಾಕಿದ್ದೀನಪ್ಪ."

"ಭಟ್ಟರೇ, ಕದ್ದದ್ದು ಹೌದು. ತಪ್ಪಾಯ್ತು. ಅಜ್ಜಿ ಬರ್ತಿದ್ದಾರೆ, ನಿಮ್ಮ ಚಾರ್ಜರು ಬೇಕಿತ್ತು."

ಭಟ್ಟರು ಸೌಟು ಕೆಳಗಿಟ್ಟರು. "ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತೇನೋ? ನಾನೂ ಹತ್ತು ಜನರೆದುರು ಹಾಗೆ ಅನ್ನಬಾರದಿತ್ತು." ಒಂದು ಕೈಗೆ ಚಾರ್ಜರು ಕೊಟ್ಟರು. ಇನ್ನೊಂದು ಕೈಗೆ ಒಗ್ಗರಣೆ ಅವಲಕ್ಕಿಯ ದೊನ್ನೆ.

ಬ್ಯಾಟರಿ ಹಾಕಿ, ವೈರು ಸಿಕ್ಕಿಸಿ, ಮುಕುಂದ ಒಂದೇ ಸಲ ಗುಂಡಿ ಒತ್ತಿದ. ಸಣ್ಣ ದೀಪ ಹೊತ್ತಿತು. ಪರದೆ ಬೆಳಗಿತು.

ಅಜ್ಜಿ ಬಂದು ಕೂತಳು. ತನ್ನದೇ ತುಂಬು ದನಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟು ಚೆನ್ನಾಗಿ ಹಾಡ್ತಾಳಲ್ಲ ಈ ಮುದುಕಿ," ಎಂದು ನಕ್ಕಳು. ಭಟ್ಟರು ಬಾಗಿಲಲ್ಲೇ ನಿಂತು ತಾಳ ಹಾಕಿದರು.

ಮುಕುಂದ ದೊನ್ನೆ ಹಿಡಿದು ಮೆಲ್ಲುತ್ತ ಗುರುಗಳ ಪಕ್ಕ ಕೂತ. "ಗುರುಗಳೇ, ನಿನ್ನೆ ಒತ್ತಿ ಹಿಡಿದಾಗ ಒಳಗಿದ್ದದ್ದು ಹೋದದ್ದು ಕಾಣಲೇ ಇಲ್ಲ. ಇಳೀತು ಅಂತ ತಿಳಿಯೋದು ಹೇಗೆ?"

ಗುರುಗಳು ದೊನ್ನೆಯ ಕಡೆ ನೋಡಿದರು.

"ಭಟ್ಟರ ಅವಲಕ್ಕಿ ಇವತ್ತು ರುಚಿಯಾಗಿದೆಯಾ?"

ಕೇಳಿದವರೆಲ್ಲರ ಮನೆಯಲ್ಲಿ ದೀಪ ಬೆಳಗಲಿ, ಪಂಕ್ತಿಯಲ್ಲಿ ಎಲೆ ತುಂಬಿರಲಿ. ಶ್ರೀಹರಿ ಎಲ್ಲರನ್ನೂ ಕಾಯಲಿ.