ನಿಂಬೆಹೋಳು ಮತ್ತು ಹಿತ್ತಾಳೆ ಮುಚ್ಚಳ

ಸಾರು ಕುದಿಯುತ್ತಿತ್ತು. ವಸಡಿನಲ್ಲಿ ರಕ್ತ ಒಸರುತ್ತಿದ್ದ ಅಜ್ಜಿಗೆ ತನ್ನ ಸತ್ವ ಬೇಗ ತಲುಪಲೆಂದು ನಿಂಬೆಹೋಳು ಪಾತ್ರೆಯತ್ತ ಉರುಳಿತು. ಹಿತ್ತಾಳೆಯ ಮುಚ್ಚಳ ದಾರಿ ಬಿಡಲಿಲ್ಲ.

"ಟೊಮೇಟೊ, ಮೆಣಸು ಎಲ್ಲರೂ ಒಳಗಿದ್ದಾರೆ. ನನಗೊಬ್ಬಳಿಗೇ ಅಡ್ಡಿಯೇನೋ, ಮಸಿಮೂತಿ?" ಎಂದು ನಿಂಬೆ ಮೂದಲಿಸಿತು.

"ಕುದಿಯಲ್ಲಿ ಬಿದ್ದರೆ ನಿನ್ನ ಹುಳಿ ಉಳಿದೀತು ತಂಗಿ, ಅಜ್ಜಿಗೆ ಬೇಕಾದ ಸತ್ವ ಹಾಳಾದೀತು. ಒಲೆಯಿಂದ ಇಳಿಸುವವರೆಗೆ ತಾಳು" ಎಂದಿತು ಮುಚ್ಚಳ.

ಸಾರು ಇಳಿದು ಆರಿದ ಮೇಲೆ ಸೊಸೆ ಅದನ್ನು ಬಟ್ಟಲಿಗೆ ಬಡಿಸಿ ನಿಂಬೆ ಹಿಂಡಿದಳು. ಅಜ್ಜಿ ಕೊನೆಯ ಗುಟುಕಿನವರೆಗೂ ಕುಡಿದಳು.

ಹಿಂಡಿದ ಸಿಪ್ಪೆ ಪಾತ್ರೆ ತೊಳೆಯುವ ಕಲ್ಲಿಗೆ ಬಂತು. ಅಲ್ಲಿ ಮುಚ್ಚಳವಿತ್ತು. "ಅಣ್ಣ, ನನ್ನ ಪಾಲಿನ ಬೇಗೆಯನ್ನೂ ನೀನೇ ತಿಂದೆ" ಎಂದ ಸಿಪ್ಪೆ, ತನ್ನಲ್ಲಿ ಉಳಿದ ಹುಳಿಯನ್ನೆಲ್ಲ ಸವೆಸಿ ಅದರ ಮುಖ ಬೆಳಗಿತು.