ಹಗೆಯವರ ಬಾವಿ

ಕುಂದಾಪುರದಿಂದ ಬಡಗಕ್ಕೆ, ಹೊಳೆ ಕಡಲು ಸೇರುವಲ್ಲಿ, ಮರಳು ದಿಣ್ಣೆಯ ಮೇಲೆ ಶಂಖಕೋಡಿ ಎಂಬ ಸಣ್ಣ ಊರಿದೆ. ಮೂರು ಕಡೆಯೂ ಉಪ್ಪುನೀರು. ನಡುವೆ ಕೆಂಪು ಮುರಕಲ್ಲಿನ ಕಟ್ಟೆ, ಅದರೊಳಗೊಂದು ಬಾವಿ. ನೀರು ಎಳನೀರಿನಷ್ಟು ಸಿಹಿ. ಇಂಥ ನೀರಿಗೆ ‘ಹಗೆಯವರ ಬಾವಿ’ ಎಂಬ ಹೆಸರೇ ಎಂದು ಹೊಸಬರು ಮೂಗು ಮುರಿಯುತ್ತಾರೆ. ಊರಿನವರಿಗೆ ಮಾತ್ರ ಆ ಹೆಸರು ಕೇಳಿದರೆ ಎದೆಯುಬ್ಬುತ್ತದೆ. ಕಟ್ಟೆಯ ಕಲ್ಲಿನಲ್ಲಿ ಎರಡು ಕುಳಿಗಳಿವೆ, ಅವನ್ನು ಮೊದಲು ತೋರಿಸಿಯೇ ಅವರು ಕಥೆ ಶುರುಮಾಡುವುದು.

ಹಿಂದೆ ಒಮ್ಮೆ, ಮೆಣಸಿನ ಆಸೆಗೆ ಪರಂಗಿಗಳೆಂಬ ಪೋರ್ಚುಗೀಸರೂ ಡಚ್ಚರೂ ಈ ಕಡಲಲ್ಲಿ ಒಬ್ಬರ ಹಡಗನ್ನೊಬ್ಬರು ಸುಡುತ್ತಿದ್ದ ಕಾಲದಲ್ಲಿ, ಬಾವಿಯ ಉಸ್ತುವಾರಿ ಮೀನುಗಾರ ಮೊಗವೀರರ ಮಂಕಾಳಕ್ಕನ ಕೈಯಲ್ಲಿತ್ತು ಎನ್ನುತ್ತಾರೆ. ಯಾರದೋ ದೂರದೇಶದ ಮುನಿಸು, ಉರಿದದ್ದು ನಮ್ಮವರ ದೋಣಿ! ಡಚ್ಚರಿಗೆ ನೀರು ಒಯ್ದನೆಂಬ ಒಂದೇ ನೆವಕ್ಕೆ ಪರಂಗಿ ಕಪ್ತಾನ ಅವಳ ಗಂಡ ಸುಬ್ಬ ಮರಕಾಲನ ದೋಣಿಗೆ ಗುಂಡು ಹೊಡೆಸಿದ್ದ. ಸುಬ್ಬ ಮರಳಿ ಬರಲಿಲ್ಲ. ಇತ್ತ ನಾಡಿನ ಅರಸು ಇಂದು ಪರಂಗಿಯ ಸ್ನೇಹ, ನಾಳೆ ಡಚ್ಚರ ಸ್ನೇಹ ಎಂದು ಇಬ್ಬರಿಗೂ ಮಾತು ಕೊಟ್ಟು, ಕೊನೆಗೆ ‘ಊರು ಒಪ್ಪಿದವರಿಗೆ ಬಾವಿ’ ಎಂದು ಜಾರಿಕೊಂಡ. ಬಾವಿ ಸಿಕ್ಕಿದವರ ಹಡಗಿಗೆ ನೀರು, ಸಿಗದವರಿಗೆ ಬಾಯಾರಿಕೆ. ಸಿಗದವರ ಫಿರಂಗಿ ಮೊದಲು ಸುಡುವುದು ಶಂಖಕೋಡಿಯನ್ನೇ ಎಂಬುದು ಮಂಕಾಳಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಒಂದೇ ಬೆಳಿಗ್ಗೆ ಎರಡೂ ಹಡಗು ಬಂದವು. ಇಬ್ಬರು ಕಪ್ತಾನರೂ ಕಟ್ಟೆಯ ಕಲ್ಲು ಕೊರೆಸಿ ತಮ್ಮ ತಮ್ಮ ಬಾವುಟದ ಕಂಬ ನೆಡಿಸಿದರು. ಊರು ಮುನಿದರೆ ಮೆಣಸಿನ ಮೂಟೆ ದೋಣಿಗೇರದು, ಹಾಗಾಗಿ ಬಂದೂಕು ಎತ್ತಲಾಗದೆ ದುಭಾಷಿಯನ್ನು ಮುಂದೆ ಮಾಡಿದರು. ಮಂಕಾಳಕ್ಕ ಹಗ್ಗ ಹಿಡಿದೇ ಹೇಳಿದಳು: “ಬಾವಿ ಬೇಕಾರೆ ತಕಣಿ. ಆರೆ ನಮ್ಮೂರ್ ಕಟ್ಟಳೆ ಒಂದಿತ್ತ್. ಬಾವಿ ಹಿಡ್ದರ್ ಮೊದಲ್ನೇ ಕೊಡ ನೀರ್ ಹಗೆಯರಿಗೆ ಎತ್ತಿ ಕೊಡ್ಕ್.” ಅದು ಸುಳ್ಳಲ್ಲ. ಬೇಸಿಗೆಯಲ್ಲಿ ಬಾವಿಯ ಕೆಸರು ತೆಗೆದ ದಿನ, ಮಾತು ಬಿಟ್ಟವರಿಗೇ ಮೊದಲ ಕೊಡ ಎತ್ತುವುದು ಅಲ್ಲಿಯ ಹಳೆಯ ಪದ್ಧತಿ. ಪರಂಗಿ ಕಪ್ತಾನ ನಕ್ಕ. “ಹೇಳುವುದು ಸುಲಭ. ನೀನು ಕೊಡುತ್ತೀಯೇನು?” ಎಂದು ದುಭಾಷಿಯಿಂದ ಕೇಳಿಸಿದ. ಸುಬ್ಬನ ದೋಣಿಗೆ ಗುಂಡು ಹೊಡೆಸಿದವನು ಇವನೇ ಎಂದು ಊರಿನವರಿಗೆಲ್ಲ ಗೊತ್ತಿತ್ತು.

ಮಂಕಾಳಕ್ಕ ಆ ನಗುವ ಬಾಯಿಯನ್ನೇ ನೋಡಿದಳು. ಈ ಬಾಯಿಯೇ ಅಲ್ಲವೇ ಗುಂಡು ಹೊಡೆಯಿರಿ ಎಂದದ್ದು? ಆದರೂ ಕೊಡ ಇಳಿಸಿದಳು, ಎತ್ತಿದಳು, ಕಪ್ತಾನನ ಮುಂದೆ ಬಂದು ನಿಂತಳು. “ನನ್ನ್ ಗಂಡನ್ ಕೊಂದದ್ ನೀವೇ. ಕುಡಿನಿ,” ಎಂದಳು. ಅವಳ ಕಣ್ಣು ತುಂಬಿತ್ತು, ಕೊಡದಿಂದ ಮಾತ್ರ ಒಂದು ಹನಿಯೂ ತುಳುಕಲಿಲ್ಲ. ದುಭಾಷಿ ಆ ಮಾತನ್ನು ಮೆಲ್ಲನೆ ಹೇಳಿದ. ಕಪ್ತಾನ ಬೊಗಸೆಯೊಡ್ಡಿ ಕುಡಿದ. ಕೂಡಲೇ ಹಗ್ಗವನ್ನು ಅವನ ಕೈಗಿಟ್ಟು ಡಚ್ಚರ ಕಡೆ ತೋರಿಸಿದಳು: “ಈಗ ನೀವ್ ಅವ್ರಿಗ್ ಕೊಡಿ.” ಅವನು ತನ್ನವರ ಮುಖ ನೋಡಿ ಹಗ್ಗವನ್ನು ನೆಲಕ್ಕೆ ಹಾಕಿದ. ಅವಳು ಅದನ್ನೆತ್ತಿ ಡಚ್ಚರ ಕಪ್ತಾನನ ಮುಂದೆ ಹಿಡಿದಾಗ ಅವನೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. “ಹಂಗಾರೆ ಈ ಬಾವಿ ಹಿಡುಕೆ ನಿಮ್ಮಿಬ್ರ್ ಕೈಯಂಗೂ ಆತಿಲ್ಲೆ,” ಎಂದು ಮಂಕಾಳಕ್ಕ ಎರಡೂ ಹಡಗಿನ ಪೀಪಾಯಿಗಳನ್ನು ಊರವರಿಂದ ತುಂಬಿಸಿ ಕಳಿಸಿಕೊಟ್ಟಳು. ನೀರು ಇಬ್ಬರಿಗೂ ಸಿಕ್ಕಿದ್ದರಿಂದ ಫಿರಂಗಿ ಹಾರಲಿಲ್ಲ, ಕಂಬಗಳನ್ನು ನೆಟ್ಟವರೇ ಕಿತ್ತುಕೊಂಡು ಹೋದರು.

ಮುಂದೆ ಆ ಎರಡು ದೇಶದವರೂ ರಾಜಿಯಾದರಂತೆ, ಕಡಲು ದಾಟಿ ಬಂದ ಮೂರನೆಯವನ ಮೇಲೆ ಬಿದ್ದರಂತೆ. ಮೂರನೆಯವನೂ ಇಲ್ಲಿಗೆ ಬಂದ, ಕಟ್ಟಳೆ ಕೇಳಿದ, ನೀರು ಕುಡಿದು ಹೋದ ಎನ್ನುತ್ತಾರೆ. ಅವರ ಕೋಟೆಗಳಲ್ಲಿ ಇವತ್ತು ಆಡು ಮೇಯುತ್ತಿವೆ. ಶಂಖಕೋಡಿಯ ಬಾವಿಯಲ್ಲಿ ಕೊಡ ಇನ್ನೂ ಇಳಿಯುತ್ತದೆ. ಕಂಬ ಕಿತ್ತ ಎರಡು ಕುಳಿಗಳನ್ನು ಯಾರೂ ಮುಚ್ಚಿಲ್ಲ. ನೀರು ಸೇದಿದವರು ಅವುಗಳಿಗೂ ಒಂದಿಷ್ಟು ಸುರಿಯುತ್ತಾರೆ, ಕಾಗೆಗಳು ಬಂದು ಕುಡಿಯುತ್ತವೆ. ಯಾವ ಊರಿನ ಕಾಗೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.